ಚಿತ್ರ ಬಂತು, ದನಿ ಬರಲಿಲ್ಲ

ಮೊಬೈಲ್ ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಚಿತ್ರ ನಿಚ್ಚಳವಾಗಿದ್ದು ದನಿ ಮಾತ್ರ ಕೇಳದಿರುವುದು ಒಂದೇ ದೋಷದ ಫಲವಲ್ಲ. ಬೀದರ್ ನಗರದ, ಭಾಲ್ಕಿಯ, ಔರಾದಿನ ಮೊಬೈಲ್ ದುರಸ್ತಿ ಅಂಗಡಿಗಳಿಗೆ ‘ಆವಾಜ್ ಬರಲತ್ತಿಲ್ಲ’ ಎಂಬ ಒಂದೇ ದೂರಿನೊಡನೆ ಬರುವ ಫೋನುಗಳಲ್ಲಿ ಕೆಲವು ವಿಡಿಯೊಗಳ ದನಿ ಫೈಲಿನ ಒಳಗೆ ಭದ್ರವಾಗಿದ್ದೂ ಕಿವಿಗೆ ತಲುಪುತ್ತಿರುವುದಿಲ್ಲ. ಕೆಲವದರ ದನಿ ಮುದ್ರಣವಾದ ಮೇಲೆ ಕಳಿಸುವಾಗಲೋ ಕತ್ತರಿಸುವಾಗಲೋ ಕಳಚಿಹೋಗಿರುತ್ತದೆ. ಇನ್ನು ಕೆಲವದರಲ್ಲಿ ದನಿ ಮುದ್ರಣವೇ ಆಗಿರುವುದಿಲ್ಲ. ಮೊದಲಿನದಕ್ಕೆ ಪರಿಹಾರ ಬಹುತೇಕ ಖಚಿತ, ಎರಡನೆಯದಕ್ಕೆ ಮೂಲಪ್ರತಿ ಸಿಕ್ಕರೆ ಪರಿಹಾರವಿದೆ, ಮೂರನೆಯದಕ್ಕೆ ಆ ಫೈಲಿನಿಂದ ಪರಿಹಾರವಿಲ್ಲ. ಆದ್ದರಿಂದ ದೋಷ ಯಾವ ಬಗೆಯದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಕೈಹಾಕುವುದು ಸರಿಯಾದ ಕ್ರಮ. ರೂಢಿಯಲ್ಲಿ ನಡೆಯುವುದು ಇದರ ತಲೆಕೆಳಗು: ಮೊದಲು ಫೋನನ್ನು ಬಿಚ್ಚಲಾಗುತ್ತದೆ, ಇಲ್ಲವೆ ಫ್ಯಾಕ್ಟರಿ ರೀಸೆಟ್ ಮಾಡಲಾಗುತ್ತದೆ, ಫೋನಿನ ಒಳಮೆಮೊರಿಯಲ್ಲಿದ್ದ ಸರಿಯಾದ ಪ್ರತಿಯೂ ಅದರೊಂದಿಗೆ ಅಳಿಸಿಹೋಗುತ್ತದೆ.

ಈ ಸೀಮೆಯಲ್ಲಿ ದನಿಯ ನಷ್ಟವು ಚಿತ್ರದ ನಷ್ಟಕ್ಕಿಂತ ದೊಡ್ಡದೆನ್ನಲು ಕಾರಣವಿದೆ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಬೆರೆಯುವ ಬೀದರ್ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಕೂಡಿ ಹಾಡುವ ಬುಲಾಯಿ ಪದಗಳು, ಬೀಸುವ ಪದಗಳು, ಮೊಹರಂ ಪದಗಳು, ಔರಾದ್ ಕಡೆಯ ತಾಂಡಾಗಳ ಹಾಡುಗಳು ಬಹುಮಟ್ಟಿಗೆ ಬರಹಕ್ಕೆ ಇಳಿಯದೆ ಬಾಯಿಂದ ಬಾಯಿಗೆ ಸಾಗಿಬಂದಿವೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನೆನೆದರೆ, ಇಲ್ಲಿ ಭಾಷೆಯನ್ನು ಕಾಪಾಡಿದ್ದು ಬರೆದ ಫಲಕಕ್ಕಿಂತ ಹೆಚ್ಚಾಗಿ ಕೇಳಿದ ಕಿವಿ ಎಂಬುದು ಹೊಳೆಯುತ್ತದೆ. ಇಂದು ಮುಪ್ಪಾದ ಹಾಡುಗಾರ್ತಿಯೊಬ್ಬಳ ಪದಕ್ಕೆ ಉಳಿಯುವ ಏಕೈಕ ದಾಖಲೆ ಎಷ್ಟೋ ಸಲ ಮೊಮ್ಮಗನ ಫೋನಿನಲ್ಲಿರುವ ಮೂರು ನಿಮಿಷದ ವಿಡಿಯೊ. ಅದರಲ್ಲಿ ದನಿ ಇಲ್ಲವೆಂದರೆ ಉಳಿಯುವುದು ಅಲುಗುವ ತುಟಿಗಳ ಚಿತ್ರವಷ್ಟೆ. ಚಿತ್ರವಿಲ್ಲದ ದನಿಯೊಂದಿಗೇ ಬಾಳಿದ ಬಾನುಲಿ ಕೇಳುಗರಿಗೆ ದನಿಯಿಲ್ಲದ ಚಿತ್ರದ ಬಡತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಬೈಲಿನ ವಿಡಿಯೊ ಎಂಬುದು ತಾಂತ್ರಿಕವಾಗಿ ಎರಡು ಮುದ್ರಣಗಳ ಜೋಡಿ. ಕ್ಯಾಮೆರಾ ಒದಗಿಸಿದ ಚಿತ್ರಗಳ ಸಾಲು ಒಂದು, ಮೈಕ್ ಒದಗಿಸಿದ ದನಿಯ ಸಾಲು ಇನ್ನೊಂದು. ಇವುಗಳಿಗೆ ಟ್ರ್ಯಾಕ್ ಎಂದು ಹೆಸರು. ಎರಡನ್ನೂ ಕಾಲದ ಗುರುತುಗಳೊಂದಿಗೆ ಒಂದೇ ಫೈಲಿನಲ್ಲಿ ಕಟ್ಟಿಡುವ ವ್ಯವಸ್ಥೆಗೆ ಕಂಟೇನರ್ ಎನ್ನುತ್ತಾರೆ. ಈಗಿನ ಫೋನುಗಳ ಎಂಪಿ4, ಐಫೋನಿನ ಎಂಒವಿ, ಹಳೆಯ ಫೋನುಗಳ 3ಜಿಪಿ ಇವೆಲ್ಲ ಕಂಟೇನರ್‌ಗಳೇ. ಮೈಕ್ ಹಿಡಿದ ದನಿಯನ್ನು ಫೋನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಆ ಅಂಕಿಗಳು ಹಾಗೆಯೇ ಇದ್ದರೆ ಬಹಳ ಜಾಗ ಹಿಡಿಯುವುದರಿಂದ ಅವುಗಳನ್ನು ಒತ್ತಿ ಕಿರಿದುಗೊಳಿಸುವ, ಕೇಳಿಸುವಾಗ ಮತ್ತೆ ಬಿಚ್ಚುವ ಒಂದು ಲೆಕ್ಕಾಚಾರ ಬೇಕಾಗುತ್ತದೆ. ಅದಕ್ಕೆ ಕೋಡೆಕ್ ಎಂದು ಹೆಸರು. ಇಂದಿನ ಫೋನುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು 1997ರಲ್ಲಿ ಅಂಗೀಕಾರವಾದ ಎಎಸಿ. ಹಳೆಯ ಫೋನುಗಳ 3ಜಿಪಿ ಫೈಲುಗಳಲ್ಲಿ ಕರೆಯ ಮಾತಿಗೆಂದೇ ರೂಪುಗೊಂಡ, ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆಯುವ ಎಎಂಆರ್ ಕಾಣಸಿಗುತ್ತದೆ. ಚಿತ್ರದ ಕೋಡೆಕ್ ಬೇರೆ, ದನಿಯ ಕೋಡೆಕ್ ಬೇರೆ. ಹೀಗಾಗಿ ಕಂಪ್ಯೂಟರಿನಲ್ಲೋ ಟಿವಿಯ ಯುಎಸ್‌ಬಿ ಕಿಂಡಿಯಲ್ಲೋ ಒಂದನ್ನು ಬಿಚ್ಚಲು ಬಂದು ಇನ್ನೊಂದನ್ನು ಬಿಚ್ಚಲು ಬಾರದಿದ್ದರೆ ಚಿತ್ರ ಓಡುತ್ತದೆ, ದನಿ ಹೊರಡುವುದಿಲ್ಲ. ಮನೆಯ ಹಳೆಯ 3ಜಿಪಿ ಫೈಲುಗಳು ಹೊಸ ಕಂಪ್ಯೂಟರಿನಲ್ಲಿ ಮೂಕವಾಗುವುದಕ್ಕೆ ಇದೇ ಸಾಮಾನ್ಯ ಕಾರಣ.

ಆದ್ದರಿಂದ ಮೊದಲ ಪರೀಕ್ಷೆ ಫೈಲಿನದೇ ಹೊರತು ಫೋನಿನದಲ್ಲ. ವಿಡಿಯೊದ ಒಂದು ನಕಲನ್ನು ಕಂಪ್ಯೂಟರಿಗೆ ವರ್ಗಾಯಿಸಿ, ಮೂಲವನ್ನು ಮುಟ್ಟದೆ, ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬೇಕು. 1996ರಲ್ಲಿ ಪ್ಯಾರಿಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ 2001ರಲ್ಲಿ ಸಾರ್ವಜನಿಕರಿಗೆ ಮುಕ್ತವಾದ ಈ ತಂತ್ರಾಂಶವು ಬಹುಪಾಲು ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ಉಳಿದೆಡೆ ಮೂಕವಾಗಿದ್ದ ಫೈಲು ಇಲ್ಲಿ ಮಾತಾಡಿದರೆ ಕೊರತೆ ಇದ್ದದ್ದು ಕೋಡೆಕ್‌ನಲ್ಲಿ ಎಂದು ತೀರ್ಮಾನಿಸಬಹುದು. ಆಗ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಿಂದ ದನಿಯನ್ನು ಎಎಸಿಗೆ ಬದಲಿಸಿಕೊಂಡರೆ ಆಯಿತು. ವಿಎಲ್‌ಸಿಯಲ್ಲೂ ದನಿ ಕೇಳದಿದ್ದರೆ ಮೀಡಿಯಾಇನ್‌ಫೊ ಎಂಬ ಇನ್ನೊಂದು ಉಚಿತ ತಂತ್ರಾಂಶವು ಫೈಲಿನೊಳಗೆ ಏನೇನಿದೆ ಎಂಬ ಪಟ್ಟಿಯನ್ನು ತೋರಿಸುತ್ತದೆ. ಆ ಪಟ್ಟಿಯಲ್ಲಿ ‘ಆಡಿಯೊ’ ಎಂಬ ಶೀರ್ಷಿಕೆಯೇ ಇಲ್ಲದಿದ್ದರೆ ಆ ನಕಲಿನಲ್ಲಿ ದನಿಯ ಟ್ರ್ಯಾಕ್ ಇಲ್ಲ. ಶೀರ್ಷಿಕೆ ಇದ್ದರೆ ದನಿಯನ್ನು ಅಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದು ಅದರ ಅಲೆಯ ಗೆರೆಯನ್ನು ನೋಡಬೇಕು. ಗೆರೆ ಏರಿಳಿಯುತ್ತಿದ್ದರೆ ದನಿ ಇದೆ. ಸಣ್ಣಗೆ ನಡುಗುತ್ತಿದ್ದರೆ ದನಿ ಕ್ಷೀಣವಾಗಿದೆ. ದಾರ ಎಳೆದು ಕಟ್ಟಿದಂತೆ ನೇರವಾಗಿದ್ದರೆ ಫೋನು ಬರೆದುಕೊಂಡದ್ದು ಮೌನವನ್ನೇ. ಎಂಪಿ4 ಫೈಲನ್ನು ಅಡಾಸಿಟಿ ಓದಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶವನ್ನೂ ಹಾಕಿಕೊಂಡಿರಬೇಕಾಗುತ್ತದೆ. ಇದನ್ನರಿಯದೆ ಫೈಲೇ ಕೆಟ್ಟಿದೆಯೆಂದು ಕೈಬಿಟ್ಟವರು ಹಲವರು.

ಇದ್ದೂ ಕೇಳಿಸದ ದನಿಯ ಕಾರಣಗಳಲ್ಲಿ ಹೆಚ್ಚಿನವು ಕ್ಷುಲ್ಲಕವಾದವು. ಕರೆಗಂಟೆಯ ಪ್ರಮಾಣ ಬೇರೆ, ವಿಡಿಯೊ ಕೇಳುವ ಮೀಡಿಯಾ ಪ್ರಮಾಣ ಬೇರೆ ಎಂಬುದು ತಿಳಿಯದೆ ಒಂದನ್ನು ಏರಿಸಿ ಇನ್ನೊಂದನ್ನು ಸೊನ್ನೆಯಲ್ಲೇ ಬಿಡುವುದು, ಗ್ಯಾಲರಿಯಲ್ಲಿ ತಾನಾಗಿ ಓಡುವ ವಿಡಿಯೊ ಮೂಕವಾಗಿಯೇ ಆರಂಭವಾಗುತ್ತದೆಂಬುದನ್ನು ಗಮನಿಸದೆ ಮೂಲೆಯ ಸ್ಪೀಕರ್ ಗುರುತನ್ನು ಒತ್ತದಿರುವುದು, ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರಿಗೆ ಫೋನು ಇನ್ನೂ ಜೋಡಣೆಗೊಂಡಿರುವುದು ಇಂಥವು. ಇವುಗಳ ಮೇಲೆ ಹೆಚ್ಚು ಮಾತು ಬೇಡ.

ವಾಟ್ಸ್‌ಆ್ಯಪ್‌ನ ವಿಚಾರ ಮಾತ್ರ ಕೊಂಚ ಬೇರೆ. ವಿಡಿಯೊ ಕಳಿಸುವ ಮುನ್ನ ಬರುವ ಪರದೆಯಲ್ಲಿ ಸ್ಪೀಕರಿನ ಚಿಕ್ಕ ಗುರುತೊಂದಿರುತ್ತದೆ. ಬೆರಳು ತಾಗಿ ಅದು ಅಡ್ಡಗೆರೆ ಪಡೆದರೆ ದನಿಯನ್ನು ಬಿಟ್ಟು ಚಿತ್ರವಷ್ಟೇ ಹೋಗುತ್ತದೆ. ತೀರ ಚಿಕ್ಕ ತುಣುಕನ್ನು ಜಿಐಎಫ್ ಆಗಿ ಬದಲಿಸಿ ಕಳಿಸಿದರೂ ಫಲಿತಾಂಶ ಇದೇ, ಏಕೆಂದರೆ ಆ ಮಾದರಿಯಲ್ಲಿ ದನಿಗೆ ಸ್ಥಾನವಿಲ್ಲ. ಪಡೆದವರ ಫೋನಿನಲ್ಲಿ ಎಷ್ಟು ಹುಡುಕಿದರೂ ದನಿ ಸಿಗುವುದಿಲ್ಲ. ಆದರೆ ಕಳಿಸಿದವರ ಗ್ಯಾಲರಿಯಲ್ಲಿ ಮೂಲವು ದನಿಯೊಂದಿಗೇ ಉಳಿದಿರುತ್ತದೆ. ಅವರು ಅದನ್ನು ಅಳಿಸುವ ಮೊದಲೇ, ವಿಡಿಯೊ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಮತ್ತೊಮ್ಮೆ ಕಳಿಸುವಂತೆ ಕೇಳಿಕೊಳ್ಳಬೇಕು. ಹಾಗೆ ಕಳಿಸಿದ ಫೈಲು ಕುಗ್ಗದೆ, ಬದಲಾಗದೆ ಬರುತ್ತದೆ. ಮದುವೆ, ಜಾತ್ರೆಗಳ ವಿಡಿಯೊಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತ ಬಂದಾಗ ಮೂಲದ ಒಡೆಯರು ಯಾರೆಂಬುದೇ ಮರೆತುಹೋಗುವುದುಂಟು. ಆಗ ಮಾಡಬೇಕಾದ ಹುಡುಕಾಟ ಫೈಲುಗಳ ನಡುವಿನದಲ್ಲ, ಜನರ ನಡುವಿನದು.

ಇದ್ದೂ ಕೇಳಿಸದ ದನಿಯ ಪ್ರಕರಣಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ಫೋನಿಗೆ ದನಿ ತೆಗೆದುಕೊಂಡಾಗ ಸಂಭವಿಸುವುದು. ಪ್ರವಚನ, ಕೀರ್ತನೆ, ಕವಿಗೋಷ್ಠಿ, ಮದುವೆಗಳಲ್ಲಿ ಪೆಂಡಾಲಿನ ಗದ್ದಲದಿಂದ ಪಾರಾಗಲು ಉತ್ಸಾಹಿಗಳು ಮಿಕ್ಸರಿನಿಂದ ತಂತಿಯೆಳೆದು, ಟೈಪ್-ಸಿ ಕಿಂಡಿಗೆ ಕೂಡಿಸುವ ಆಡಿಯೊ ಸಾಧನವೊಂದರ ಮೂಲಕ ಫೋನಿಗೆ ಸೇರಿಸುತ್ತಾರೆ. ಮುದ್ರಣ ನಡೆಯುವಾಗ ಇಯರ್‌ಫೋನಿನಲ್ಲಿ ಕೇಳಿದರೆ ಮಾತು ಸ್ಪಷ್ಟ. ಮನೆಗೆ ಬಂದು ಫೋನಿನ ಒಂಟಿ ಸ್ಪೀಕರಿನಲ್ಲಿ ಹಾಕಿದರೆ ಮೌನ, ಅಥವಾ ಬಾವಿಯ ತಳದಿಂದ ಬಂದಂಥ ಕ್ಷೀಣ ಸದ್ದು. ಮತ್ತೆ ಇಯರ್‌ಫೋನ್ ಹಾಕಿದರೆ ಮಾತು ಕೇಳುತ್ತದೆ. ಈ ವಿಚಿತ್ರಕ್ಕೆ ಕಾರಣ ಮಿಕ್ಸರಿನ ತಂತಿಯ ರಚನೆಯಲ್ಲಿದೆ. ವೇದಿಕೆಯಿಂದ ಉದ್ದಕ್ಕೆ ಎಳೆದ ತಂತಿಗಳು ಪಕ್ಕದ ವಿದ್ಯುತ್ ತಂತಿಗಳ ಗುಂಯ್ ಸದ್ದನ್ನು ಹೀರಿಕೊಳ್ಳುತ್ತವೆ. ಅದನ್ನು ತಪ್ಪಿಸಲು ವೃತ್ತಿಪರ ಸಾಧನಗಳು ಒಂದೇ ದನಿಯನ್ನು ಎರಡು ತಂತಿಗಳಲ್ಲಿ, ಒಂದರಲ್ಲಿ ಇದ್ದ ಹಾಗೆ, ಇನ್ನೊಂದರಲ್ಲಿ ತಲೆಕೆಳಗು ಮಾಡಿ ಕಳಿಸುತ್ತವೆ. ಆ ಕೊನೆಯಲ್ಲಿರುವ ಸಾಧನವು ಎರಡನೆಯದನ್ನು ಮತ್ತೆ ತಿರುಗಿಸಿ ಕೂಡಿಸಿಕೊಂಡಾಗ ದನಿ ಇಮ್ಮಡಿಯಾಗುತ್ತದೆ, ಎರಡೂ ತಂತಿಗಳಿಗೆ ಸಮನಾಗಿ ಸೇರಿದ್ದ ಗುಂಯ್ ಸದ್ದು ಪರಸ್ಪರ ಹೊಡೆದುಕೊಂಡು ಅಳಿಯುತ್ತದೆ. ಇದಕ್ಕೆ ಬ್ಯಾಲೆನ್ಸ್ಡ್ ಜೋಡಣೆ ಎಂದು ಹೆಸರು. ಫೋನಿಗೆ ಕೂಡಿಸಿದ ಸಾಧನಕ್ಕೆ ಈ ಏರ್ಪಾಡು ತಿಳಿಯದು. ಅದು ಒಂದು ತಂತಿಯನ್ನು ಎಡಗಿವಿಯ ದನಿಯೆಂದೂ ಇನ್ನೊಂದನ್ನು ಬಲಗಿವಿಯ ದನಿಯೆಂದೂ ಬರೆದುಕೊಳ್ಳುತ್ತದೆ. ಒಂದು ಕ್ಷಣದಲ್ಲಿ ಎಡದ ಅಂಕಿ ಕೂಡು 500 ಇದ್ದರೆ ಬಲದ್ದು ಕಳೆ 500. ಇಯರ್‌ಫೋನಿನಲ್ಲಿ ಎರಡೂ ಬೇರೆ ಬೇರೆ ಕಿವಿಗೆ ಹೋಗುವುದರಿಂದ ತೊಂದರೆ ಕಾಣುವುದಿಲ್ಲ. ಸ್ಪೀಕರ್ ಒಂದೇ ಇರುವ ಫೋನು ಎರಡನ್ನೂ ಕೂಡಿಸಿದಾಗ ಮೊತ್ತ ಸೊನ್ನೆ. ದನಿಯನ್ನು ಕಾಪಾಡಲೆಂದೇ ಹುಟ್ಟಿದ ಉಪಾಯ ಇಲ್ಲಿ ದನಿಯನ್ನೇ ನುಂಗುತ್ತದೆ.

ರೋಗನಿರ್ಣಯ ಇಷ್ಟು ಕಠಿಣವೆಂದು ತೋರಿದರೂ ಚಿಕಿತ್ಸೆ ಅರ್ಧ ನಿಮಿಷದ್ದು. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಆಡಿಯೊ ಎಂಬ ಪಟ್ಟಿಯೊಳಗಿನ ಸ್ಟೀರಿಯೊ ಮೋಡ್‌ಗೆ ಹೋಗಿ ‘ಲೆಫ್ಟ್’ ಎಂಬುದನ್ನು ಆಯ್ದೊಡನೆ ಮಾತು ಕೇಳಲಾರಂಭಿಸಿದರೆ ದೋಷ ಇದೇ ಎಂಬುದು ಸಿದ್ಧ. ಆಮೇಲೆ ಅಡಾಸಿಟಿಯಲ್ಲಿ ಎಡಬಲಗಳನ್ನು ಬೇರ್ಪಡಿಸಿ ಒಂದನ್ನು ಅಳಿಸಿ ಇನ್ನೊಂದನ್ನೇ ಉಳಿಸಿಕೊಳ್ಳಬಹುದು, ಅಥವಾ ಒಂದನ್ನು ‘ಇನ್ವರ್ಟ್’ ಎಂಬ ಆದೇಶದಿಂದ ತಲೆಕೆಳಗು ಮಾಡಿ ಮತ್ತೆ ಜೋಡಿಸಬಹುದು. ಮುಂದಿನ ಕಾರ್ಯಕ್ರಮದಲ್ಲಿ ಮಿಕ್ಸರಿನ ಬ್ಯಾಲೆನ್ಸ್ಡ್ ಹೊರದಾರಿಯನ್ನು ಬಿಟ್ಟು, ರೆಕಾರ್ಡರಿಗೆಂದೇ ಇರುವ ಆರ್‌ಸಿಎ ಕಿಂಡಿಗಳಿಂದ ದನಿ ತೆಗೆದುಕೊಂಡರೆ ಈ ಗೊಡವೆಯೇ ಇಲ್ಲ. ದನಿ ಸರಿಯಾಗಿ ಮುದ್ರಣವಾದ ಎಷ್ಟೋ ಪ್ರವಚನಗಳು ಈ ಒಂದು ಸಂಗತಿ ತಿಳಿಯದೆ ‘ಬಂದಿಲ್ಲ’ ಎಂದು ಅಳಿಸಿಹೋಗುವುದು ಈ ವಿಷಯದ ಅತ್ಯಂತ ಬೇಸರದ ಭಾಗ.

ಮುದ್ರಣವೇ ಆಗದ ದನಿಯ ಕಡೆಗೆ ಬಂದರೆ ಮೊದಲು ಎದುರಾಗುವುದು ಫೋನಿನ ಅಂಚಿನಲ್ಲಿರುವ, ಮಿಲಿಮೀಟರಿನಷ್ಟೂ ಅಗಲವಿರದ ರಂಧ್ರ. ಅದರ ಹಿಂದೆ ಸಿಲಿಕಾನಿನಿಂದ ಮಾಡಿದ ತೆಳುಪೊರೆಯ ಮೈಕ್ ಕುಳಿತಿರುತ್ತದೆ. ಗಾಳಿಯ ಒತ್ತಡದ ಏರಿಳಿತಕ್ಕೆ ಆ ಪೊರೆ ಕಂಪಿಸಿದಾಗ ದನಿ ವಿದ್ಯುತ್ತಾಗುತ್ತದೆ. ಈಗಿನ ಫೋನುಗಳಲ್ಲಿ ಇಂಥ ಮೈಕುಗಳು ಸಾಮಾನ್ಯವಾಗಿ ಎರಡು ಅಥವಾ ಮೂರು ಇರುತ್ತವೆ: ಕೆಳಅಂಚಿನದು ಮುಖ್ಯವಾಗಿ ಕರೆಗೆ, ಮೇಲಂಚಿನದು ಮತ್ತು ಕ್ಯಾಮೆರಾದ ಬಳಿಯದು ಗದ್ದಲ ಕಳೆಯುವುದಕ್ಕೆ ಮತ್ತು ವಿಡಿಯೊಗೆ. ಕರೆಯಲ್ಲಿ ಮಾತು ಸರಿಯಾಗಿ ಹೋಗುತ್ತಿದ್ದು ವಿಡಿಯೊದಲ್ಲಿ ಮಾತ್ರ ದನಿ ಇಲ್ಲದಿರುವ ಒಗಟಿಗೆ ಉತ್ತರ ಬಹುಪಾಲು ಇಲ್ಲಿರುತ್ತದೆ. ವಾಯ್ಸ್ ರೆಕಾರ್ಡರಿನಲ್ಲಿ ಒಮ್ಮೆ, ಹಿಂಬದಿಯ ಕ್ಯಾಮೆರಾದಲ್ಲಿ ಒಮ್ಮೆ, ಮುಂಬದಿಯ ಕ್ಯಾಮೆರಾದಲ್ಲಿ ಒಮ್ಮೆ ಮಾತಾಡಿ ಹೋಲಿಸಿದರೆ ಯಾವ ಮೈಕ್ ಸೋತಿದೆ ಎಂಬುದು ಅಂಗಡಿಗೆ ಹೋಗುವ ಮೊದಲೇ ತಿಳಿಯುತ್ತದೆ. ಕೆಳಗಿನ ಮೈಕ್ ಬಹಳಷ್ಟು ಫೋನುಗಳಲ್ಲಿ ಚಾರ್ಜಿಂಗ್ ಬೋರ್ಡಿನ ಮೇಲೆಯೇ ಕೂತಿರುವುದರಿಂದ ಆ ಬೋರ್ಡನ್ನು ಬದಲಿಸಿದರೆ ಸಾಕು. ಮೇಲಿನದು ಮುಖ್ಯ ಬೋರ್ಡಿನ ಮೇಲಿದ್ದರೆ ಕೆಲಸ ಹೆಚ್ಚು. ದುರಸ್ತಿಗೆ ಕೊಡುವವರು ಈ ವ್ಯತ್ಯಾಸ ತಿಳಿದಿದ್ದರೆ ಬೇಡದ ಬೋರ್ಡಿಗೆ ಹಣ ತೆರುವುದು ತಪ್ಪುತ್ತದೆ.

ಮೈಕ್ ರಂಧ್ರ ಕಟ್ಟುವ ಸಂದರ್ಭಗಳನ್ನು ಈ ಸೀಮೆ ತನ್ನದೇ ರೀತಿಯಲ್ಲಿ ಒದಗಿಸುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಸುರಂಗದಂಥ ದಾರಿಯ ನೀರಿನಲ್ಲೇ ನಡೆದು ದೇವರನ್ನು ಕಾಣುತ್ತಾರೆ. ಇಂಥ ನೀರಿನ ದಾರಿಯಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ವಿಡಿಯೊ ತೆಗೆದರೆ ಚಿತ್ರಕ್ಕೆ ಪಾರದರ್ಶಕ ಹಾಳೆ ಅಡ್ಡಿಯಾಗದಿದ್ದರೂ ದನಿಗೆ ಅದು ಗೋಡೆಯಾಗುತ್ತದೆ. ಚೀಲವಿಲ್ಲದೆ ತೆಗೆದರೆ ತೇವದ ತೆಳುಪದರವೊಂದು ರಂಧ್ರದ ಬಾಯಲ್ಲಿ ನಿಂತು, ಫೋನಿನ ಒಳಭಾಗ ಒಣಗಿದ್ದರೂ, ಗಂಟೆಗಟ್ಟಲೆ ದನಿಯನ್ನು ತಡೆಯುತ್ತದೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಯಲ್ಲಿ ‘ಏಳುಕೋಟಿ’ ಘೋಷದೊಂದಿಗೆ ತೂರುವ ಭಂಡಾರದ ಅರಿಸಿನ ಪುಡಿ ಬಹಳ ನುಣುಪಾದದ್ದು. ಬೆವರಿನ ಕೈಯ ತೇವದೊಂದಿಗೆ ಸೇರಿ ಅದು ರಂಧ್ರದ ಜಾಲರಿಯಲ್ಲಿ ಹಳದಿ ಅಂಟಾಗಿ ಕೂರುತ್ತದೆ. ಬೀದರ್ ಪ್ರಸ್ಥಭೂಮಿಯ ಕೆಂಪು ಧೂಳು, ಭಾಲ್ಕಿ ಮತ್ತು ಔರಾದಿನ ಎರೆಹೊಲಗಳ ಕಪ್ಪು ಧೂಳು, ತೊಗರಿ ಸೋಯಾ ರಾಶಿಯ ಹೊಟ್ಟು ಇವೂ ಇದೇ ಕೆಲಸ ಮಾಡುತ್ತವೆ. ಒಣಗಿದ ಮೃದುವಾದ ಕುಂಚದಿಂದ, ರಂಧ್ರವನ್ನು ಕೆಳಮುಖವಾಗಿಸಿ, ಒತ್ತದೆ ಉಜ್ಜುವುದು ಸಾಮಾನ್ಯವಾಗಿ ಸಾಕು.

ಮಾಡಬಾರದ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು. ಹಲವು ಫೋನುಗಳಲ್ಲಿ ಸಿಮ್ ತಟ್ಟೆಯನ್ನು ಹೊರತೆಗೆಯುವ ರಂಧ್ರ ಮತ್ತು ಮೈಕಿನ ರಂಧ್ರ ನೋಡಲು ಒಂದೇ ತೆರ. ಅವಸರದಲ್ಲಿ ಸಿಮ್ ಪಿನ್ನನ್ನು ಮೈಕಿನ ರಂಧ್ರಕ್ಕೆ ಚುಚ್ಚಿದರೆ ಒಳಗಿನ ಜಾಲರಿಯೋ ಪೊರೆಯೋ ಹರಿದು ಆ ಮೈಕ್ ಮುಗಿಯಿತೆಂದೇ ಅರ್ಥ. ಕೊಳೆ ತೆಗೆಯಲು ಸೂಜಿ ಹಾಕುವುದೂ ಇದಕ್ಕೆ ಸಮ. ನೆನೆದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಜನಪ್ರಿಯ ಮದ್ದನ್ನು ಆ್ಯಪಲ್ ಕಂಪನಿ ತನ್ನ ಸೂಚನೆಗಳಲ್ಲೇ ಬೇಡವೆಂದಿದೆ, ಏಕೆಂದರೆ ಅಕ್ಕಿಯ ಸಣ್ಣ ಕಣಗಳು ಫೋನಿನೊಳಗೆ ಸೇರಿ ಹಾನಿ ಮಾಡಬಲ್ಲವು. ಗಾಳಿಯಾಡುವ ಒಣ ಜಾಗದಲ್ಲಿ ಕಿಂಡಿಗಳನ್ನು ಕೆಳಮುಖವಾಗಿಸಿ ಫೋನನ್ನು ಇಟ್ಟು ಕಾಯುವುದಕ್ಕೆ ತಾಳ್ಮೆಯೊಂದೇ ಖರ್ಚು.

ರಂಧ್ರ ಶುಚಿಯಾಗಿದ್ದು ಮೈಕ್ ಗಟ್ಟಿಯಾಗಿದ್ದರೂ ಫೋನಿನ ತಂತ್ರಾಂಶವೇ ಮೌನವನ್ನು ಬರೆಯುವ ಸಂದರ್ಭಗಳಿವೆ. ಆಂಡ್ರಾಯ್ಡ್‌ನ 2015ರ ಆರನೆಯ ಆವೃತ್ತಿಯಿಂದ ಪ್ರತಿ ಆ್ಯಪ್ ಮೈಕ್ ಬಳಸಲು ಬಳಕೆದಾರರ ಅನುಮತಿ ಕೇಳಬೇಕು. ಒಮ್ಮೆ ‘ಬೇಡ’ ಎಂದು ಒತ್ತಿದ್ದು ಮರೆತುಹೋಗಿ ತಿಂಗಳುಗಳ ಬಳಿಕ ಅದೇ ಆ್ಯಪ್‌ನಲ್ಲಿ ವಿಡಿಯೊ ತೆಗೆದರೆ ದನಿ ಬರುವುದಿಲ್ಲ. ಇದಕ್ಕಿಂತ ನವುರಾದದ್ದು 2021ರ ಹನ್ನೆರಡನೆಯ ಆವೃತ್ತಿಯಲ್ಲಿ ಬಂದ ಮೈಕ್ ಗುಂಡಿ. ಪರದೆಯನ್ನು ಮೇಲಿನಿಂದ ಎಳೆದಾಗ ಟಾರ್ಚ್, ವೈಫೈಗಳ ನಡುವೆ ಕಾಣಸಿಗುವ ಈ ಗುಂಡಿ ಇಡೀ ಫೋನಿನ ಮೈಕನ್ನು ಆ್ಯಪ್‌ಗಳಿಗೆ ಮುಚ್ಚಿಬಿಡುತ್ತದೆ. ಹೀಗಿರುವಾಗ ಆ್ಯಪ್‌ಗೆ ಮೈಕ್ ಸಿಕ್ಕಂತೆಯೇ ತೋರಿದರೂ ಸಿಗುವುದು ಬರಿದಾದ ದನಿ. ಗುಟ್ಟಾಗಿ ಕದ್ದು ಕೇಳುವ ಆ್ಯಪ್‌ಗಳಿಂದ ಜನರನ್ನು ಕಾಪಾಡುವ ಈ ಏರ್ಪಾಡು ಒಳ್ಳೆಯದೇ. ಆದರೆ ಚಿಕ್ಕ ಮಕ್ಕಳ ಕೈಗೂ ಸಿಗುವ ಜಾಗದಲ್ಲಿ ಅದನ್ನು ಇಟ್ಟದ್ದರಿಂದ, ಸೆಟ್ಟಿಂಗ್ ಬದಲಾದದ್ದು ಯಾರ ಗಮನಕ್ಕೂ ಬಾರದೆ, ಫೋನು ಒಳ್ಳೆಯದಾಗಿದ್ದೂ ಮೂಕವಾಗುತ್ತದೆ. ಮುದ್ರಣದ ವೇಳೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಹೊಳೆಯುತ್ತಿದ್ದರೆ ಕ್ಯಾಮೆರಾವೋ ಮೈಕೋ ಬಳಕೆಯಲ್ಲಿದೆ ಎಂದರ್ಥ. ಅದನ್ನು ಒತ್ತಿದರೆ ಬಳಸುತ್ತಿರುವ ಆ್ಯಪ್ ಯಾವುದೆಂಬುದೂ ಗೊತ್ತಾಗುತ್ತದೆ.

ಕರೆ ನಡೆಯುತ್ತಿರುವಾಗ ಮೈಕಿನ ಮೇಲೆ ಕರೆಗೇ ಮೊದಲ ಹಕ್ಕು. ಆಗ ವಿಡಿಯೊಗೆ ಸಿಗುವುದು ಮೌನ, ಅಥವಾ ಕ್ಯಾಮೆರಾ ನಿಂತೇಹೋಗುತ್ತದೆ. ಆದ್ದರಿಂದ ಮುಖ್ಯವಾದ ಮುದ್ರಣಕ್ಕೆ ಮೊದಲು ಏರೋಪ್ಲೇನ್ ಮೋಡ್ ಹಾಕುವುದು ಲೇಸು. ಟೈಮ್‌ಲ್ಯಾಪ್ಸ್‌ನಲ್ಲಿ, ಅಂದರೆ ದೀರ್ಘ ಹೊತ್ತನ್ನು ಚಿಕ್ಕದಾಗಿಸುವ ವಿಧಾನದಲ್ಲಿ, ದನಿಯನ್ನು ಹಿಡಿಯುವುದೇ ಇಲ್ಲ. ಹಲವು ಫೋನುಗಳ ಸ್ಲೋ ಮೋಷನ್‌ನಲ್ಲೂ ಹಾಗೆಯೇ. ಅಷ್ಟೂರಿನ ಉರುಸಿನ ಮೆರವಣಿಗೆಯನ್ನೋ ಔರಾದಿನ ಅಮರೇಶ್ವರ ಜಾತ್ರೆಯ ತೇರನ್ನೋ ಆ ವಿಧಾನದಲ್ಲಿ ತೆಗೆದಿದ್ದರೆ ವಾದ್ಯದ ಸದ್ದನ್ನು ಹುಡುಕುವುದು ವ್ಯರ್ಥ.

ಹೊರಗಿನ ಮೈಕ್ ಕೊಂಡವರ ದೂರುಗಳು ಇನ್ನೊಂದು ಬಗೆಯವು. 3.5 ಮಿಲಿಮೀಟರಿನ ಪಿನ್ನಿನ ಮೇಲೆ ಕಪ್ಪು ಪಟ್ಟೆಗಳು ಎರಡಿದ್ದರೆ ಅದು ಮೂರು ಸಂಪರ್ಕಗಳದು, ದೊಡ್ಡ ಕ್ಯಾಮೆರಾಗಳಿಗೆಂದು ಮಾಡಿದ್ದು. ಮೂರು ಪಟ್ಟೆಗಳಿದ್ದರೆ ನಾಲ್ಕು ಸಂಪರ್ಕಗಳದು, ಫೋನಿಗೆ ಹೊಂದುವುದು. ಎರಡು ಪಟ್ಟೆಯ ಕಾಲರ್ ಮೈಕನ್ನು ಫೋನಿಗೆ ಸಿಕ್ಕಿಸಿದರೆ ಫೋನು ಅದನ್ನು ಬರಿಯ ಇಯರ್‌ಫೋನ್ ಎಂದು ತಿಳಿದು ತನ್ನದೇ ಮೈಕಿನಿಂದ ದನಿ ಹಿಡಿಯುತ್ತದೆ, ಕೆಲವೊಮ್ಮೆ ಏನನ್ನೂ ಹಿಡಿಯುವುದಿಲ್ಲ. ಇಯರ್‌ಫೋನ್ ಕಿಂಡಿಯಿಲ್ಲದ ಫೋನುಗಳಿಗೆ ಮಾರುವ ಅಗ್ಗದ ಟೈಪ್-ಸಿ ಪರಿವರ್ತಕಗಳಲ್ಲಿ ಕೆಲವು ದನಿಯನ್ನು ಹೊರಗೆ ಒಯ್ಯುತ್ತವೆಯೇ ಹೊರತು ಒಳಗೆ ತರುವುದಿಲ್ಲ. ಪಿನ್ನೂ ಪರಿವರ್ತಕವೂ ಸರಿಯಿದ್ದರೂ ಫೋನಿನ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಗಣಿಸದಿರಬಹುದು. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ದನಿಯ ಮೂಲವನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಕಾಲರ್ ಮೈಕಿನ ಬ್ಯಾಟರಿಯ ಗುಂಡಿ ಆರಿಸಿದ ಸ್ಥಿತಿಯಲ್ಲೇ ಉಳಿದದ್ದು ಕಾರಣವಾದ ಪ್ರಕರಣಗಳೂ ಕಡಿಮೆಯಲ್ಲ.

ರಾತ್ರಿಯಿಡೀ ನಡೆಯುವ ಭಜನೆಯನ್ನು ಮುದ್ರಿಸುತ್ತಿದ್ದ ಫೋನಿನ ಬ್ಯಾಟರಿ ನಡುವೆ ಮುಗಿದಾಗ ಉಂಟಾಗುವ ಹಾನಿ ಬೇರೆಯೇ ತೆರನದು. ಎಂಪಿ4 ಫೈಲಿನಲ್ಲಿ ಚಿತ್ರ ಮತ್ತು ದನಿಯ ತುಣುಕುಗಳು ಬೆರೆತು ಕೂತಿರುತ್ತವೆ. ಯಾವ ತುಣುಕು ಎಲ್ಲಿದೆ, ಯಾವ ಹೊತ್ತಿಗೆ ಸೇರಿದ್ದು ಎಂಬ ಪರಿವಿಡಿಯನ್ನು ಫೋನು ಸಾಮಾನ್ಯವಾಗಿ ಮುದ್ರಣ ನಿಲ್ಲಿಸಿದ ಮೇಲೆ ಬರೆಯುತ್ತದೆ. ಬ್ಯಾಟರಿ ಮೊದಲೇ ಮುಗಿದರೆ ಹಾಡೆಲ್ಲ ಮೆಮೊರಿಯಲ್ಲಿದ್ದೂ ಪರಿವಿಡಿಯಿಲ್ಲದ ಕಾರಣ ಯಾವ ಆ್ಯಪ್ ಕೂಡ ಫೈಲನ್ನು ತೆರೆಯದು. ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶವು ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊವನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟ ಫೈಲಿಗೆ ಹೊಸ ಪರಿವಿಡಿಯನ್ನು ಕಟ್ಟಿಕೊಡಲು ಯತ್ನಿಸುತ್ತದೆ. ಎಷ್ಟೋ ಸಲ ದನಿಯೂ ಚಿತ್ರವೂ ಹಿಂತಿರುಗುತ್ತವೆ, ಕೆಲವು ಸಲ ಒಂದು ಮಾತ್ರ. ಇಂಥ ಫೈಲು ಎದುರಾದಾಗ ಆ ಫೋನಿನಲ್ಲಿ ಹೊಸದೇನನ್ನೂ ಮುದ್ರಿಸದೆ, ಏನನ್ನೂ ಅಳಿಸದೆ, ಮೊದಲು ನಕಲು ಮಾಡಿಕೊಳ್ಳುವುದು ಮುಖ್ಯ.

ಕ್ಷೀಣವಾಗಿ ಮುದ್ರಣವಾದ ದನಿಯನ್ನು ಅಡಾಸಿಟಿಯಲ್ಲಿ ಏರಿಸಬಹುದು. ದನಿಯೊಂದಿಗೆ ಹಿನ್ನೆಲೆಯ ಹಿಸ್ಸೆನ್ನುವ ಸದ್ದೂ ಅಷ್ಟೇ ಏರುತ್ತದೆ ಎಂಬುದು ಅದರ ಮಿತಿ. ಬೀದರ್ ಕೋಟೆಯ ಬುರುಜಿನ ಮೇಲಣ ಗಾಳಿಯ ಭೋರ್ಗರೆತದಲ್ಲಿ ಮುಳುಗಿದ ಮಾತನ್ನು ತಗ್ಗಿನ ಸ್ವರಗಳನ್ನು ಕಳೆದು ಒಂದಿಷ್ಟು ಮೇಲೆತ್ತಬಹುದು. ಆದರೆ ಅಲೆಯ ಗೆರೆ ನೇರವಾಗಿದ್ದಲ್ಲಿ, ಅಂದರೆ ಅಂಕಿಗಳೆಲ್ಲ ಸೊನ್ನೆಯಾಗಿದ್ದಲ್ಲಿ, ಏರಿಸಲು ಏನೂ ಇಲ್ಲ. ‘ಕಳೆದ ದನಿಯನ್ನು ಮರಳಿಸುತ್ತೇವೆ’ ಎಂದು ಹಣ ಕೇಳುವ ಆ್ಯಪ್‌ಗಳು ಇಂಥ ಫೈಲಿನಿಂದ ಏನನ್ನೂ ಮರಳಿಸಲಾರವು. ಕೃತಕ ಬುದ್ಧಿಮತ್ತೆಯ ಸಾಧನಗಳು ತುಟಿಯ ಚಲನೆಗೆ ಹೊಂದುವ ಹೊಸ ದನಿಯನ್ನು ಹುಟ್ಟಿಸಿಕೊಡಬಹುದಾದರೂ ಅದು ಆ ಹಾಡುಗಾರ್ತಿಯ ದನಿಯಲ್ಲ, ಆ ಪದವೂ ಅಲ್ಲ. ಜಾನಪದ ದಾಖಲೆಯ ಮಟ್ಟಿಗೆ ಅದಕ್ಕಿಂತ ಮೌನವೇ ಪ್ರಾಮಾಣಿಕ.

ಉಳಿಯುವ ದಾರಿ ಬೇರೆಯವರ ಮುದ್ರಣ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ತೆರೆಕಂಡದ್ದು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡದ್ದು. ಎರಡರ ಪ್ರತಿಗಳೂ ಇಂದು ಉಳಿದಿಲ್ಲವಾದ್ದರಿಂದ ಅವುಗಳಿಗೆ ಈ ದಾರಿಯಿಲ್ಲ. ಜಾತ್ರೆಯ ಅಂಗಳದಲ್ಲಿ ಮಾತ್ರ ಇಂದು ಒಂದೇ ಗಳಿಗೆಯನ್ನು ಹತ್ತಾರು ಫೋನುಗಳು ಹಿಡಿಯುತ್ತಿರುತ್ತವೆ. ಒಂದರ ಚಿತ್ರಕ್ಕೆ ಇನ್ನೊಂದರ ದನಿಯನ್ನು ಜೋಡಿಸುವುದು ಸಾಧ್ಯ. ಚಿತ್ರವನ್ನೂ ದನಿಯನ್ನೂ ಬೇರೆ ಬೇರೆ ಯಂತ್ರಗಳಲ್ಲಿ ಹಿಡಿದು, ಕ್ಲ್ಯಾಪ್ ಹಲಗೆಯ ಎರಡು ತುಂಡುಗಳು ತಾಗುವ ಕ್ಷಣವನ್ನು ಎರಡರಲ್ಲೂ ಗುರುತಿಸಿ ಹೊಂದಿಸುವುದು ಸಿನಿಮಾದವರ ಹಳೆಯ ಪದ್ಧತಿ. ಜಾತ್ರೆಯ ವಿಡಿಯೊದಲ್ಲಿ ಆ ಕೆಲಸಕ್ಕೆ ವಾದ್ಯದ ಹಲಗೆಯ ಮೇಲೆ ಕೋಲು ಬೀಳುವ ಕ್ಷಣ, ತೆಂಗಿನಕಾಯಿ ಒಡೆಯುವ ಕ್ಷಣ ಒದಗುತ್ತದೆ. ಅಲೆಯ ಗೆರೆಯಲ್ಲಿ ಆ ಏಟು ಚೂಪಾಗಿ ಎದ್ದು ಕಾಣುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್‌ನಂಥ ಉಚಿತ ಸಂಕಲನ ತಂತ್ರಾಂಶಗಳಲ್ಲಿ ಅದನ್ನು ಚಿತ್ರದ ಏಟಿನ ಕೆಳಗೆ ಎಳೆದು ತಂದರೆ ಜೋಡಣೆ ಮುಗಿಯಿತು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಹಲಗೆಯಿಂದ 34 ಮೀಟರ್ ದೂರ ನಿಂತ ಫೋನಿನಲ್ಲಿ ಏಟು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ, ಅಂದರೆ ಸೆಕೆಂಡಿಗೆ 30 ಚಿತ್ರಗಳ ವಿಡಿಯೊದಲ್ಲಿ ಮೂರು ಚಿತ್ರಗಳಷ್ಟು ಹಿಂದೆ, ಬಂದಿರುತ್ತದೆ. ಈ ಅಂತರವನ್ನೂ ಸರಿಪಡಿಸಿಕೊಳ್ಳಬೇಕು. ಸಾಧ್ಯವಿದ್ದಲ್ಲಿ ಧ್ವನಿವರ್ಧಕದವರ ಪೆನ್‌ಡ್ರೈವಿನ ಮುದ್ರಣವನ್ನು ಕೇಳಿ ಪಡೆದರೆ ಇನ್ನೂ ಒಳ್ಳೆಯದು. ಹೀಗೆ ಕೂಡಿಸಿದ ವಿಡಿಯೊಗೆ ಚಿತ್ರ ಯಾರ ಫೋನಿನದು, ದನಿ ಯಾರ ಫೋನಿನದು, ಊರು ಯಾವುದು, ದಿನ ಯಾವುದು ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆದಿಟ್ಟು, ದನಿಯಿಲ್ಲದ ಮೂಲವನ್ನೂ ಚಿತ್ರವಿಲ್ಲದ ದನಿಯನ್ನೂ ಅದರ ಪಕ್ಕದಲ್ಲೇ ಕಾಪಿಡಬೇಕು.